ಉಳೀಲಿಲ್ಲ ಅಂದ ಮಾತು

ಬುಧವಾರ ಬೆಳಿಗ್ಗೆ ಎಂಟೂವರೆಗೆ ರೇಡಿಯೋ ತನ್ನ ಕ್ಷೌರದಂಗಡಿಯ ಬಾಗಿಲು ತೆಗೆದ. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಹಾಗೆ. ಕತ್ತರಿ ಕೈಗೆತ್ತಿಕೊಂಡ ಗಳಿಗೆಯಿಂದ ಕೆಳಗಿಡುವವರೆಗೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಮನೆಯ ನಲ್ಲಿ ಕೆಟ್ಟಿದೆ, ಯಾರ ಮಗಳಿಗೆ ಕೆಲಸ ಸಿಕ್ಕಿದೆ ಎಂಬುದೆಲ್ಲ ಅವನ ಕುರ್ಚಿಯಲ್ಲಿ ಕೂತವರಿಗೆ ಗಡ್ಡದ ಜೊತೆ ಸಿಗುತ್ತಿತ್ತು. ಆದರೆ ಕಳೆದ ನಾಲ್ಕು ತಿಂಗಳಿಂದ ಅವನ ಬಾಯಲ್ಲಿದ್ದುದು ಒಂದೇ ಸುದ್ದಿ, ಹುಟ್ಟಲಿರುವ ಮೊಮ್ಮಗು. ಅದು ಹುಟ್ಟಿದ ಮಾರನೆಯ ದಿನ ಬಂದವರಿಗೆಲ್ಲ ಪುಕ್ಕಟೆ ಗಡ್ಡ ಎಂದು ಸಾರಿಯೂ ಆಗಿತ್ತು.

ಆ ದಿನ ಮೊದಲು ಬಂದವನು ಬಡಗಿ. ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ಚಾಚಿ ಕೇಳಿದ. "ಏನಪ್ಪಾ, ನಿನ್ನೆ ಆಪರೇಷನ್ ಅಂದಿದ್ದೆ. ಅಜ್ಜ ಆದೆಯಾ? ಇವತ್ತು ಪುಕ್ಕಟೆ ತಾನೆ?"

ನೊರೆ ಎಬ್ಬಿಸುತ್ತಿದ್ದ ರೇಡಿಯೋನ ಬ್ರಷ್ಷು ನಿಂತಿತು.

"ಉಳೀಲಿಲ್ಲ," ಎಂದ.

ಯೋಚಿಸಿ ಆಡಿದ ಮಾತಲ್ಲ. ಬಾಯಿ ತೆರೆದಾಗ ತಾನಾಗಿಯೇ ಹೊರಬಂತು. ಬಡಗಿ ಮುಖದ ನೊರೆಯ ಸಮೇತ ಎದ್ದು ಅವನ ಎರಡೂ ಕೈ ಹಿಡಿದುಕೊಂಡ. ಆಗಲೇ "ಅಲ್ಲ, ಹಾಗಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ರೇಡಿಯೋ ತಲೆ ತಗ್ಗಿಸಿದ. ಹತ್ತು ಗಂಟೆಯೊಳಗೆ ಇನ್ನೂ ನಾಲ್ಕು ಜನ ಬಂದು ಅವನ ಭುಜ ತಟ್ಟಿ ಹೋದರು.

ಮಗು ಬದುಕಿತ್ತು. ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿತ್ತು. ಹೆಣ್ಣುಮಗು. ಹಿಂದಿನ ದಿನ ಮಗ ಅವನನ್ನು ಆ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿದ್ದ. ಮುಖ ಚೆನ್ನಾಗಿತ್ತು, ತಲೆತುಂಬ ಕೂದಲು. ಎದೆಯ ಕೆಳಗೆ, ಹೊಕ್ಕುಳಿರಬೇಕಾದ ಕಡೆ, ಮೂಸಂಬಿಗಿಂತ ದೊಡ್ಡದಾದ ಒಂದು ಚೀಲ ಹೊರಗೆ ಚಾಚಿಕೊಂಡಿತ್ತು. ತೆಳ್ಳನೆಯ, ಒದ್ದೆ ಒದ್ದೆಯಾದ ಪೊರೆ. ಅದರ ಮೂಲಕ ಒಳಗಿದ್ದುದೆಲ್ಲ ಕಾಣುತ್ತಿತ್ತು. ಕಪ್ಪುಗೆಂಪಾಗಿ ಪಿತ್ತಜನಕಾಂಗ, ಅದರ ಬುಡದಲ್ಲಿ ಸುರುಳಿ ಸುತ್ತಿದ ಕರುಳು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದ್ದರು. "ಮೂರನೇ ತಿಂಗಳ ಹೊತ್ತಿಗೆ ಎಲ್ಲಾ ಮಕ್ಕಳ ಕರುಳೂ ಸ್ವಲ್ಪ ದಿನ ಹೊಕ್ಕುಳಬಳ್ಳಿಯೊಳಗೆ ಬಂದು ಇರುತ್ತೆ. ಆಮೇಲೆ ಒಳಗೆ ಹೋಗುತ್ತೆ. ನಿಮಗೂ ನನಗೂ ಹಾಗೇ ಆಗಿತ್ತು. ಈ ಮಗೂಗೆ ಒಳಗೆ ಹೋಗಲಿಲ್ಲ, ಹೊಟ್ಟೆಯ ಗೋಡೆ ಕೂಡಿಕೊಳ್ಳಲಿಲ್ಲ. ಯಾರ ತಪ್ಪೂ ಅಲ್ಲ."

"ಒಳಗೆ ಹಾಕಿ ಹೊಲಿದುಬಿಡಿ ಡಾಕ್ಟ್ರೇ," ಎಂದಿದ್ದ ರೇಡಿಯೋ.

"ಒಳಗೆ ಜಾಗ ಇಲ್ಲ. ಎದೆಗೂಡೂ ಚಿಕ್ಕದು. ಈಗಲೇ ತುರುಕಿದ್ರೆ ಉಸಿರು ಕಟ್ಟುತ್ತೆ. ಆ ಪೊರೆ ಮೇಲೆ ದಿನಾ ಔಷಧ ಹಚ್ಚಿ, ಬಟ್ಟೆ ಸುತ್ತಿ, ಅದರ ಮೇಲೆ ಚರ್ಮ ಬೆಳೆಯೋಕೆ ಬಿಡ್ತೀವಿ. ಆಪರೇಷನ್ ಮುಂದೆ, ಮಗು ದೊಡ್ಡದಾದ ಮೇಲೆ. ಹೃದಯ ಚೆನ್ನಾಗಿದೆ. ಮೊದಲ ವಾರ ದಾಟಲಿ, ನೋಡೋಣ."

ಮೊದಲ ವಾರ ಎಂಬುದೊಂದು ರೇಡಿಯೋನ ಕಿವಿಯಲ್ಲಿ ಉಳಿಯಿತು. ಇನ್ನೊಂದು ವಿಷಯವೂ ಅವನಿಗೆ ಗೊತ್ತಾದದ್ದು ಅಲ್ಲೇ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲೇ ಇದು ಕಂಡಿತ್ತು. ಮಗ ಸೊಸೆಗೆ ಮೊದಲೇ ಗೊತ್ತಿತ್ತು. ಹಿರಿಯರಿಗೆ ಮಾತ್ರ ಮಗು ಅಡ್ಡ ಇದೆ, ಅದಕ್ಕೇ ಆಪರೇಷನ್ ಎಂದಿದ್ದರು.

"ನನಗ್ಯಾಕೆ ಹೇಳಲಿಲ್ಲ?" ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗನನ್ನು ಕೇಳಿದ್ದ.

ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. "ನಿಮಗೆ ಹೇಳೋದೂ ಒಂದೇ, ಬೀದೀಲಿ ಡಂಗೂರ ಹೊಡೆಸೋದೂ ಒಂದೇ ಅಪ್ಪಾ," ಎಂದಿದ್ದ.

*

ರೇಡಿಯೋನ ಮನೆಯಿದ್ದುದು ಅಂಗಡಿಯ ಹಿಂದೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಗೆಯುವ ಚಿಕ್ಕ ಹಿತ್ತಿಲು. ಬೀದಿಯಿಂದ ಮನೆಯೊಳಗೆ ಹೋಗಬೇಕಾದರೆ ಕನ್ನಡಿ, ಕುರ್ಚಿಗಳ ನಡುವೆ ಹಾದು ಹೋಗಬೇಕು. ಹಿಂಬದಿಯ ಓಣಿಗೊಂದು ಬಾಗಿಲಿತ್ತು, ಕಸ ಹಾಕಲು ಮಾತ್ರ ತೆಗೆಯುತ್ತಿದ್ದರು.

ಬುಧವಾರ ಮಧ್ಯಾಹ್ನ ಅವನ ಹೆಂಡತಿ ಆಸ್ಪತ್ರೆಗೆ ಒಯ್ಯಲು ಗಂಜಿ ಇಟ್ಟಿದ್ದಳು. ಹಾಲಿನಂಗಡಿಯ ಹೆಂಗಸು, ಎಲ್ಲರ ಬಾಯಲ್ಲಿ ಹಾಲಕ್ಕ, ಒಂದು ಮುಚ್ಚಿದ ಪಾತ್ರೆ ಹಿಡಿದುಕೊಂಡು ಒಳಗೆ ಬಂದಳು. ಪಾತ್ರೆ ಕಟ್ಟೆಯ ಮೇಲಿಟ್ಟು, ಅವಳನ್ನು ತಬ್ಬಿಕೊಂಡಳು.

"ಅಡುಗೆ ಮಾಡಬೇಡಿ ಇವತ್ತು. ಅತ್ತುಬಿಡಿ ಅಕ್ಕಾ, ಒಳಗಿಟ್ಕೋಬೇಡಿ. ಮಗು ಹೋಯ್ತು, ತಾಯಿ ಉಳಿದಳಲ್ಲ, ಅಷ್ಟೇ ದೊಡ್ಡದು ಅಂದ್ಕೊಳ್ಳಿ."

ಹೆಂಡತಿಗೆ ಆಸ್ಪತ್ರೆಯಿಂದ ಅಂಗಡಿಗೆ ಫೋನ್ ಬಂದಿದೆ ಎನಿಸಿತು. ತನಗಿಂತ ಮೊದಲು ಬೀದಿಗೇ ಗೊತ್ತಾಗಿದೆ. ಅಲ್ಲೇ ಒಲೆಯ ಮುಂದೆ ಕುಸಿದಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹಾಲಕ್ಕನೂ ಅತ್ತಳು. ಕೊನೆಗೆ ಹೆಂಡತಿ ಎದ್ದು, ಗೋಡೆ ಹಿಡಿದುಕೊಂಡು ಅಂಗಡಿಗೆ ಹೋಗಿ, ಗಿರಾಕಿಯ ಮುಂದೆಯೇ ಕೇಳಿದಳು. "ಯಾವಾಗ ಬಂತು ಫೋನು?"

ರೇಡಿಯೋ ಕತ್ತರಿ ಕೆಳಗಿಟ್ಟು ಅವಳನ್ನು ಹಿತ್ತಿಲಿಗೆ ಕರೆದೊಯ್ದ. ಒಗೆಯುವ ಕಲ್ಲಿನ ಹತ್ತಿರ ನಿಂತು ಪಿಸುದನಿಯಲ್ಲಿ ಹೇಳಿದ. "ಏನೂ ಆಗಿಲ್ಲ. ಮಗು ಇದೆ. ನಾನೇ... ಬಾಯಿ ತಪ್ಪಿ ಅಂದುಬಿಟ್ಟೆ."

ಅವಳು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು. ಗಂಜಿ ಡಬ್ಬಿಗೆ ತುಂಬಿ, ಹಾಲಕ್ಕನ ಪಾತ್ರೆಯನ್ನು ಮುಟ್ಟದೆ, ಬಸ್ಸಿಗೆ ಹೋದಳು. ಹಾಲಕ್ಕನಿಗೆ ಅವಳೂ ಏನೂ ಹೇಳಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಜಗಳ ಶುರುವಾಯಿತು.

"ಬಾಯಿ ತಪ್ಪಿ ಉಪ್ಪು ಅನ್ನೋ ಕಡೆ ಸಕ್ಕರೆ ಅಂತಾರೆ. ಇದ್ದ ಮಗೂನ ಸತ್ತಿದೆ ಅಂತ ಯಾರಾದ್ರೂ ಅಂತಾರೇನ್ರೀ?"

"ಎಲ್ಲರೂ ಕೇಳ್ತಾರೆ ಕಣೇ. ಹೇಗಿದೆ, ಯಾರ ಹಾಗಿದೆ ಅಂತ. ಏನು ಹೇಳಲಿ? ಹೊಟ್ಟೆಯೊಳಗಿನದೆಲ್ಲ ಹೊರಗಿದೆ ಅಂತ ಹೇಳಲಾ? ನೋಡೋಕೆ ಬರ್ತೀವಿ ಅಂತಾರೆ."

"ಬರಲಿ."

"ಒಂದು ವಾರ ಹೋಗಲಿ. ಆಮೇಲೆ ಹೇಳ್ತೀನಿ."

ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ವಾರ ಯಾಕೆ? ಏನು ಕಾಯ್ತಿದ್ದೀರಿ? ಅದು ಸತ್ತು ನಿಮ್ಮ ಮಾತು ಉಳಿಸಿಕೊಡಲಿ ಅಂತಲಾ?"

ರೇಡಿಯೋ ತಟ್ಟೆಯ ಅನ್ನವನ್ನು ಒಂದು ಕಡೆಗೆ ಒತ್ತಿ, ಮತ್ತೆ ಇನ್ನೊಂದು ಕಡೆಗೆ ಒತ್ತಿದ. ಅವಳಿಗೆ ಉತ್ತರ ಸಿಕ್ಕಿತು. ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಒಬ್ಬಳೇ ಕೂತು ಉಂಡಳು. ಮಾರನೆಯ ದಿನ ಪಾತ್ರೆ ತೊಳೆದು ಹಾಲಕ್ಕನಿಗೆ ವಾಪಸು ಕೊಟ್ಟಾಗ, "ಊಟ ಚೆನ್ನಾಗಿತ್ತು" ಎಂದು ಮಾತ್ರ ಹೇಳಿ ಬಂದಳು. ಹಾಗೆ ಅವಳೂ ಆ ಸುಳ್ಳಿನಲ್ಲಿ ಸೇರಿಹೋದಳು.

*

ಶುಕ್ರವಾರ ಅಂಚೆಯಣ್ಣ ಬಂದ. ಆ ಬೀದಿಗೆ ಇಪ್ಪತ್ತು ವರ್ಷದಿಂದ ಕಾಗದ ಹಂಚುತ್ತಿದ್ದವನು, ವಾರಕ್ಕೆರಡು ಸಲ ರೇಡಿಯೋನ ಕೈಯಲ್ಲಿ ಗಡ್ಡ ಮಾಡಿಸಿಕೊಳ್ಳುವವನು. ರೇಡಿಯೋ ಹತ್ತು ಮಾತಾಡಿದರೆ ಅವನದು ಒಂದು ಹೂಂ. ಆ ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಚೀಲ ಕೆಳಗಿಟ್ಟು, ಕುರ್ಚಿಯಲ್ಲಿ ಕೂರದೆ ಗಿರಾಕಿಗಳ ಬೆಂಚಿನ ಮೇಲೆ ಕೂತು, ಪಕ್ಕದ ಜಾಗ ತಟ್ಟಿ, "ಕೂತ್ಕೋ" ಎಂದ.

ರೇಡಿಯೋ ಕೂತ.

"ನಮಗೂ ಒಂದು ಹೆಣ್ಣುಮಗು ಆಗಿತ್ತು. ನಾವು ಈ ಬೀದಿಗೆ ಬರೋ ಮುಂಚೆ. ಹನ್ನೊಂದು ದಿನ ಇತ್ತು. ಹಾಲು ಕುಡೀಲಿಲ್ಲ. ಹನ್ನೆರಡನೇ ದಿನ ನಾನು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ನನ್ನವಳು ಅದರ ಬಟ್ಟೆಗಳನ್ನೆಲ್ಲ ಮಡಚಿ ಎಲ್ಲೋ ಇಟ್ಟಿದ್ದಳು. ಎಲ್ಲಿ ಅಂತ ನಾನು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ನಾವಿಬ್ರೂ ಆ ಮಾತು ಎತ್ತೋದೇ ಇಲ್ಲ." ಅಂಚೆಯಣ್ಣ ತನ್ನ ಚಪ್ಪಲಿಯ ತುದಿ ನೋಡುತ್ತ ಹೇಳಿದ. "ನೀನು ಮಾತುಗಾರ. ಒಳ್ಳೇದು. ನಿನ್ನ ಮಗನನ್ನೂ ಮಾತಾಡಿಸು. ನಮ್ಮ ಥರ ಮಾಡ್ಕೋಬೇಡಿ."

ರೇಡಿಯೋನ ಕೈ ಅವನ ಕೈಯೊಳಗಿತ್ತು. ಆಗ ನಿಜ ಹೇಳುವುದು ಬುಧವಾರ ಹೇಳುವುದಕ್ಕಿಂತ ನೂರು ಪಟ್ಟು ಕಷ್ಟವಾಗಿತ್ತು. ಅವನು "ಹೂಂ" ಎಂದ. ಅಂಚೆಯಣ್ಣ ಹೋದ ಮೇಲೆ ಅಂಗಡಿಯ ಪರದೆ ಎಳೆದು ಕೂತ. ಕನ್ನಡಿಯ ಕಡೆಗೆ ಬೆನ್ನು ಮಾಡಿ.

ಅದೇ ದಿನ ಡಿಪೋದಲ್ಲಿ ಮಗನ ಮೇಸ್ತ್ರಿ ಅವನನ್ನು ಪಕ್ಕಕ್ಕೆ ಕರೆದು, ಬೇಕಾದರೆ ಇನ್ನೂ ನಾಲ್ಕು ದಿನ ರಜೆ ತೆಗೆದುಕೋ ಎಂದ. "ನಿಮ್ಮಪ್ಪನ ಹತ್ತಿರ ಕಟಿಂಗ್ ಮಾಡಿಸ್ಕೊಂಡು ಬಂದೆ. ಪಾಪ, ಮನುಷ್ಯ ಬಾಯೇ ಬಿಡಲಿಲ್ಲ. ಇನ್ನೂ ವಯಸ್ಸಿದೆ ನಿಮಗೆ, ಮತ್ತೆ ಆಗುತ್ತೆ."

ಸಂಜೆ ಮಗ ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಊಟದ ಕೋಣೆಗೆ ಬಂದು ನಿಂತ.

"ಅಪ್ಪಾ, ನನ್ನ ಮಗಳು ಯಾವತ್ತು ಸತ್ತಳು?"

ರೇಡಿಯೋ ಗೋಡೆ ನೋಡಿದ.

"ಹೇಳಿ. ನಿಮಗೆ ಎಲ್ಲಾ ಸುದ್ದಿ ಮೊದಲೇ ಸಿಗುತ್ತಲ್ಲ."

"ಮಗಾ, ಕೈ ಕಾಲು ತೊಳ್ಕೋ ಮೊದಲು," ಎಂದಳು ತಾಯಿ.

"ನೀನು ಸುಮ್ನಿರಮ್ಮ. ನಿನಗೂ ಗೊತ್ತಿತ್ತು ತಾನೆ? ಹಾಲಕ್ಕ ಕಳಿಸಿದ್ದು ತಿಂದೆ ತಾನೆ?"

"ನೀನು ಏನಂದೆ ಮೇಸ್ತ್ರಿಗೆ?" ರೇಡಿಯೋ ಥಟ್ಟನೆ ಕೇಳಿದ. "ಸುಳ್ಳು ಅಂದೆಯಾ?"

ಮಗ ಹೆಗಲ ಮೇಲಿನ ಚಿಂದಿ ಬಟ್ಟೆ ತೆಗೆದು ಬೆರಳು ಒರೆಸಿಕೊಳ್ಳತೊಡಗಿದ, ಒಂದೊಂದೇ ಬೆರಳು.

"ಆಯ್ತು ಸಾರ್ ಅಂದೆ," ಎಂದ ಕೊನೆಗೆ. "ಎರಡು ದಿನ ರಜೆ ತಗೊಂಡೆ."

ತಾಯಿ ಮೂರು ತಟ್ಟೆ ಹಾಕಿದಳು. ಯಾರೂ ಮಾತಾಡದೆ ಉಂಡರು. ಆ ಮನೆಯಲ್ಲಿ ಹಾಗೆ ಊಟ ಮಾಡಿದ್ದು ಅದೇ ಮೊದಲು.

*

ವಾರ ದಾಟಿತು. ಮಗುವೂ ದಾಟಿತು. ಆಮೇಲೆ ಹೇಳುತ್ತೇನೆ ಎಂದಿದ್ದ ರೇಡಿಯೋ ಮಾತ್ರ ಬೀದಿಯವರ ಮುಂದೆ ಆ ಮಾತೆತ್ತಲಿಲ್ಲ.

ಸೊಸೆ ಆಸ್ಪತ್ರೆಯಲ್ಲೇ ಇದ್ದಳು, ತಾಯಂದಿರಿಗೆ ಕೊಡುವ ಉದ್ದನೆಯ ಕೋಣೆಯಲ್ಲಿ. ಮದುವೆಗೆ ಮೊದಲಿನಿಂದಲೂ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಗಟ್ಟಿಗಿತ್ತಿ, ಎದುರು ಮಾತಿಗೆ ಹಿಂಜರಿಯುವವಳಲ್ಲ. ಅತ್ತೆ ದಿನಾ ಹನ್ನೊಂದರ ಬಸ್ಸಿಗೆ ಊಟದ ಡಬ್ಬಿ ತರುತ್ತಿದ್ದಳು, ಸೊಸೆಯ ಬಟ್ಟೆ ಒಯ್ಯುತ್ತಿದ್ದಳು. ಮಗುವಿನ ವಾರ್ಡಿನ ಹೊಣೆ ಹೊತ್ತಿದ್ದ ಸಿಸ್ಟರ್ ದಪ್ಪ ಕನ್ನಡಕದ ಹೆಂಗಸು, ಮೊದಲ ದಿನವೇ ಮಗುವಿಗೆ ಹೆಸರಿಟ್ಟಿದ್ದಳು. "ಎಲ್ಲರೂ ಬರಿಗೈಲಿ ಬರ್ತಾರೆ. ಇವಳು ನೋಡಿ, ಗಂಟು ಕಟ್ಕೊಂಡೇ ಬಂದಿದ್ದಾಳೆ. ಗಂಟಮ್ಮ."

ಗಂಟಮ್ಮನ ಪೊರೆ ಮೊದಲು ಒಣಗಿ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಗಟ್ಟಿಯಾಯಿತು. ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ದಿನಕ್ಕೆ ಕೂದಲೆಳೆಯಷ್ಟು ಮೇಲೇರುತ್ತಿತ್ತು. ನಾಲ್ಕನೇ ವಾರ ಮೂಗಿನ ನಳಿಕೆ ತೆಗೆದರು. ಐದನೇ ವಾರ ಸಿಸ್ಟರ್ ಸೊಸೆಗೆ ಔಷಧ ಹಚ್ಚಲು ಕಲಿಸಿದಳು. ಕೈ ಮೊಣಕೈವರೆಗೆ ತೊಳೆಯಬೇಕು, ಮಧ್ಯದಿಂದ ಅಂಚಿಗೆ ಹಚ್ಚಬೇಕು, ಸುತ್ತುವ ಪಟ್ಟಿ ಬಿಗಿಯಾದರೆ ಉಸಿರಿಗೆ ತೊಂದರೆ, ಸಡಿಲವಾದರೆ ಗಂಟು ವಾಲುತ್ತದೆ.

ಆರನೇ ವಾರದ ಒಂದು ಮಧ್ಯಾಹ್ನ ಲಾಂಡ್ರಿ ಯಜಮಾನಿ ಸೊಸೆಗೆ ಫೋನ್ ಮಾಡಿದಳು. ಮಾತು ಮುಗಿದ ಹೊತ್ತಿಗೆ ಅತ್ತೆ ಡಬ್ಬಿ ಬಿಚ್ಚುತ್ತಿದ್ದಳು.

"ಅತ್ತೆ, ಯಜಮಾನಿ ಹೇಳ್ತಾರೆ, ಯಾವಾಗ ಮನಸ್ಸಾಗುತ್ತೋ ಆಗ ಕೆಲಸಕ್ಕೆ ಬಾ ಅಂತ. ಮನೇಲಿ ಒಬ್ಬಳೇ ಕೂತು ಕೊರಗಬೇಡ ಅಂತ. ಅವರಿಗೆ ಯಾರು ಹೇಳಿದ್ದು, ನನ್ನ ಮಗು ಹೋಯ್ತು ಅಂತ?"

ಅತ್ತೆ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು. ತನ್ನ ಗಂಡ ಅಂದದ್ದು, ತಾನು ಊಟ ಚೆನ್ನಾಗಿತ್ತು ಎಂದದ್ದು, ಮಗ ರಜೆ ತೆಗೆದುಕೊಂಡದ್ದು. ಯಾವುದನ್ನೂ ಮುಚ್ಚಿಡಲಿಲ್ಲ, ಯಾರ ಪರವಾಗಿಯೂ ವಾದಿಸಲಿಲ್ಲ.

ಸೊಸೆ ಕೂಗಾಡಬಹುದೆಂದು ಅತ್ತೆ ಕಾದಳು. ಅವಳು ಪಕ್ಕದ ಹಾಸಿಗೆಯ ಹೆಂಗಸಿಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದಳು. ಪೂರ್ತಿ ಉಂಡಳು. ಕೈ ತೊಳೆದು ಬಂದು ಇಷ್ಟೇ ಹೇಳಿದಳು. "ಸೋಮವಾರ ಮನೆಗೆ ಕಳಿಸ್ತಾರಂತೆ ನಮ್ಮನ್ನ. ಮಾವನಿಗೆ ಹೇಳಿ."

ಆ ಸಂಜೆ ಮೂವರೂ ಅಂಗಡಿ ಮುಚ್ಚಿ ಕೂತು ಮಾತಾಡಿದರು. ರೇಡಿಯೋನ ತಲೆಯಲ್ಲಿ ಆಗಲೇ ಒಂದು ಉಪಾಯವಿತ್ತು. "ಅವಳ ಅಕ್ಕನ ಮನೆಗೆ ಹೋಗಿ ಆರು ತಿಂಗಳು ಇರಲಿ. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಆಮೇಲೆ ಬಂದರೆ..."

"ಆಮೇಲೆ ಬಂದರೆ ಬೇರೆ ಮಗು ಅಂತೀರಾ?" ಎಂದ ಮಗ.

"ಇಲ್ಲದಿದ್ರೆ ಹಿಂದಿನ ಬಾಗಿಲಿಂದ ಕರ್ಕೊಂಡು ಬನ್ನಿ. ಸ್ವಲ್ಪ ದಿನ. ನಾನು ನಿಧಾನಕ್ಕೆ ಒಬ್ಬೊಬ್ಬರಿಗೇ..."

"ಕಸದ ಬಾಗಿಲಿಂದ," ಎಂದಳು ಹೆಂಡತಿ.

ಮಗ ಅಲ್ಲಿಂದಲೇ ತನ್ನ ಹೆಂಡತಿಗೆ ಫೋನ್ ಮಾಡಿ ಅಪ್ಪನ ಉಪಾಯ ಎರಡನ್ನೂ ಹೇಳಿದ, ಆಮೇಲೆ ಫೋನನ್ನು ಅಪ್ಪನ ಕೈಗೆ ದಾಟಿಸಿದ.

"ಮಾವ," ಸೊಸೆಯ ದನಿ ಸಣ್ಣಗಿತ್ತು, ಆದರೆ ಒಂದಕ್ಷರವೂ ತಡವರಿಸಲಿಲ್ಲ. "ನಾನು ಅಂಗಡಿ ಮುಂದೆ ಆಟೋ ಇಳಿದು, ಅಂಗಡಿಯೊಳಗಿಂದಾನೇ ಬರ್ತೀನಿ. ಸೋಮವಾರ ಹತ್ತು ಗಂಟೆಗೆ. ಆಗ ಯಾರಾದ್ರೂ ನನ್ನ ಕೈಲಿರೋದು ನೋಡಿ ಬೆಚ್ಚಿಬೀಳಬಾರದು. ಅಷ್ಟರೊಳಗೆ ನೀವು ಹೇಳಿರಬೇಕು. ನನ್ನ ಗಂಡ ಅಲ್ಲ, ಅತ್ತೆ ಅಲ್ಲ, ನೀವು."

"ಆಯ್ತಮ್ಮಾ," ಎಂದ ರೇಡಿಯೋ.

*

ಶನಿವಾರ ಅಂಗಡಿ ತುಂಬುವ ದಿನ. ಒಂಬತ್ತೂವರೆಗೆ ಆರು ಜನರಿದ್ದರು. ಬಡಗಿ ಬೆಂಚಿನ ಮೇಲಿದ್ದ. ಎದುರು ಮನೆಯ ಮೇಷ್ಟ್ರು ಕುರ್ಚಿಯಲ್ಲಿದ್ದರು. ರೇಡಿಯೋ ಅವರ ಕೊರಳಿಗೆ ಬಿಳಿಬಟ್ಟೆ ಕಟ್ಟಿ, ಕತ್ತರಿ ಎತ್ತಿಕೊಂಡು, ಮತ್ತೆ ಇಟ್ಟ.

"ಒಂದು ಮಾತು ಹೇಳಬೇಕು ಎಲ್ಲರಿಗೂ. ನನ್ನ ಮೊಮ್ಮಗಳು ಬದುಕಿದ್ದಾಳೆ. ಸೋಮವಾರ ಮನೆಗೆ ಬರ್ತಾಳೆ. ಅವಳ ಹೊಟ್ಟೆಯ ಗೋಡೆ ಪೂರ್ತಿ ಮುಚ್ಚಿಲ್ಲ, ಕರುಳು ಹೊರಗಿದೆ, ಅದಕ್ಕೊಂದು ಪಟ್ಟಿ ಸುತ್ತಿರ್ತಾರೆ. ಮುಂದೆ ಆಪರೇಷನ್ ಮಾಡಿ ಸರಿ ಮಾಡ್ತಾರೆ. ಉಳೀಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು."

 ಮೇಷ್ಟ್ರು ಕನ್ನಡಿಯೊಳಗಿಂದ ಅವನನ್ನು ನೋಡಿದರು. "ಯಾಕೆ ಹಾಗೆ ಹೇಳಿದಿರಿ?" ಪಾಠ ಬಾರದ ಹುಡುಗನನ್ನು ಕೇಳುವ ದನಿ.

"ನಾಚಿಕೆ ಆಯ್ತು," ಎಂದ ರೇಡಿಯೋ.

ಬಡಗಿ ಎದ್ದ. "ನಾನು ಹೋಗಿ ನನ್ನ ಹೆಂಡತೀಗೆ ಹೇಳಿದೆ. ಅವಳು ಎರಡು ದಿನ ಊಟ ಬಿಟ್ಟಳು, ಬಸುರಿ ಅವಳು." ಗಡ್ಡ ಮಾಡಿಸಿಕೊಳ್ಳದೆ ಹೊರಟುಹೋದ. ಅವನ ಹಿಂದೆ ಇನ್ನೊಬ್ಬ ಹೋದ. ಉಳಿದವರು ಕೂತೇ ಇದ್ದರು. ಒಬ್ಬ ನಕ್ಕ, "ಹೋಗಲಿ ಬಿಡು, ಒಳ್ಳೆ ಸುದ್ದಿ ತಾನೆ" ಎಂದ. ಆ ನಗು ರೇಡಿಯೋನಿಗೆ ಬಡಗಿಯ ಸಿಟ್ಟಿಗಿಂತ ಹೆಚ್ಚು ಚುಚ್ಚಿತು.

ಹಾಲಕ್ಕನಿಗೆ ಅವನೇ ಹೋಗಿ ಹೇಳಿದ. ಅವಳು ಹಾಲಿನ ಕ್ಯಾನಿನ ಮುಚ್ಚಳ ಹಾಕುತ್ತ, "ನಿಮ್ಮ ಹೆಂಡತಿ ಒಲೆ ಮುಂದೆ ಕುಸಿದು ಅತ್ತದ್ದು ಮಾತ್ರ ಸುಳ್ಳಲ್ಲ, ಅದನ್ನ ನಾನು ನೋಡಿದ್ದೀನಿ," ಎಂದಳು. 

ಕೊನೆಗೆ ಉಳಿದದ್ದು ಅಂಚೆಯಣ್ಣ. ಭಾನುವಾರ ಸಂಜೆ ನಾಲ್ಕಕ್ಕೆ ರೇಡಿಯೋ ಅವನ ಮನೆಗೆ ಹೋದ. ಎರಡು ಸಲ ಬೀದಿಯ ಕೊನೆಯವರೆಗೆ ಹೋಗಿ ವಾಪಸು ಬಂದ ಮೇಲೆ ಬಾಗಿಲು ತಟ್ಟಿದ. ಅಂಚೆಯಣ್ಣ ಕಿಟಕಿಯ ಹತ್ತಿರ ಕೂತು ಚೀಲದ ಹರಿದ ಪಟ್ಟಿ ಹೊಲಿಯುತ್ತಿದ್ದ. ಅವನ ಹೆಂಡತಿ ಚಹಾ ತಂದಿಟ್ಟಳು. ಮೇಜಿನ ಮೇಲೆ ಒಂದು ಹಳೆಯ ತಗಡಿನ ಪೆಟ್ಟಿಗೆ, ಅದರ ಪಕ್ಕದಲ್ಲಿ ಅಂಗೈಯಗಲದ ಅಂಗಿಗಳು ಎರಡು, ಮಾಸಿದ ಹಳದಿ ಬಣ್ಣದವು.

"ಅವತ್ತು ನಿನ್ನ ಅಂಗಡಿಯಿಂದ ಬಂದು ಕೇಳಿಯೇಬಿಟ್ಟೆ," ಎಂದ ಅಂಚೆಯಣ್ಣ, ಅವನ ನೋಟ ಗಮನಿಸಿ. "ಎಲ್ಲಿಟ್ಟಿದ್ದೀಯ ಅಂತ. ಅಟ್ಟದ ಮೇಲೆ ಇತ್ತು. ಇಷ್ಟು ವರ್ಷ ನನ್ನ ತಲೆ ಮೇಲೇ ಇತ್ತು."

ರೇಡಿಯೋ ಚಹಾ ಮುಟ್ಟದೆ, ನಿಂತುಕೊಂಡೇ ನಿಜ ಹೇಳಿದ. 

ಅಂಚೆಯಣ್ಣನ ಹೆಂಡತಿ ಎದ್ದು ಆ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಒಳಗೆ ಒಯ್ದಳು. ಅಂಚೆಯಣ್ಣ ಸೂಜಿಯನ್ನು ಚೀಲಕ್ಕೆ ಸಿಕ್ಕಿಸಿದ.

"ನಿನ್ನ ಸುಳ್ಳು ನಂಬಿ ನಾವಿಬ್ರೂ ಇಷ್ಟು ವರ್ಷದ ಮೇಲೆ ಬಾಯಿ ಬಿಟ್ವಿ. ಅದಕ್ಕೇ ನಿನಗೆ ಸರಿಯಾಗಿ ಬೈಯೋಕೂ ಆಗ್ತಿಲ್ಲ ನನಗೆ." ಆಮೇಲೆ ಕೇಳಿದ. "ನಮ್ಮ ಮಗು ವಿಷಯ ಅಂಗಡೀಲಿ ಯಾರಿಗಾದ್ರೂ ಹೇಳಿದೆಯಾ?"

"ಇಲ್ಲಣ್ಣ. ಒಬ್ಬರಿಗೂ ಇಲ್ಲ."

"ಅಷ್ಟು ಮಾಡಿದ್ದೀಯಲ್ಲ, ಸಾಕು. ಹೋಗು ಈಗ."

ಆಮೇಲೆ ಅಂಚೆಯಣ್ಣ ಗಡ್ಡ ಮಾಡಿಸಿಕೊಳ್ಳಲು ಬರಲಿಲ್ಲ. ಮಾರುಕಟ್ಟೆಯ ಹತ್ತಿರದ ಬೇರೆ ಅಂಗಡಿಗೆ ಹೋಗುತ್ತಿದ್ದ. ರೇಡಿಯೋನ ಮನೆಯ ಕಾಗದಗಳನ್ನು ಬಾಗಿಲ ಸಂದಿನಲ್ಲಿ ಸಿಕ್ಕಿಸಿ ಸೈಕಲ್ ಏರುತ್ತಿದ್ದ.

*

ಸೋಮವಾರ ಹತ್ತು ಗಂಟೆಗೆ ಸೊಸೆ ಅಂಗಡಿಯೊಳಗಿಂದ ಬಂದಳು. ಮೇಷ್ಟ್ರು ಇದ್ದರು, ಎದ್ದು ನಿಂತು ದಾರಿ ಬಿಟ್ಟರು. ಮಾವನನ್ನು ದಾಟುವಾಗ ಅವಳು ನಿಲ್ಲಲಿಲ್ಲ, ಅವನೂ ಕೈ ಚಾಚಲಿಲ್ಲ.

ಮುಂದಿನ ಮೂರು ವಾರ ಮನೆ ಗಂಟಮ್ಮನ ಸುತ್ತ ತಿರುಗಿತು. ಅತ್ತೆ ದಿನಕ್ಕೆರಡು ಸಲ ಪಟ್ಟಿಗಳನ್ನು ಬಿಸಿನೀರಲ್ಲಿ ಕುದಿಸಿ ಹಿತ್ತಿಲ ಬಿಸಿಲಿಗೆ ಹಾಕುತ್ತಿದ್ದಳು. ಮಗ ಕೆಲಸದಿಂದ ಬಂದವನೇ ಸೋಪು ಹಾಕಿ ಉಗುರಿನ ಸಂದಿಯ ಎಣ್ಣೆ ತೆಗೆಯಲು ಅರ್ಧ ಗಂಟೆ ಕಳೆಯುತ್ತಿದ್ದ. ಗಂಟಮ್ಮ ಹೊಟ್ಟೆ ತುಂಬ ಕುಡಿಯಲಾರಳು, ಒಂದೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಹಾಲಕ್ಕ ಬಂದು ನೋಡಿದಳು, ಪಟ್ಟಿಯ ಮೇಲೆ ಅಂಗೈಯಿಟ್ಟು, "ಬೆಚ್ಚಗಿದೆ" ಎಂದಳು. ಅಂಚೆಯಣ್ಣನ ಹೆಂಡತಿಯೂ ಒಂದು ದಿನ ಬಂದಳು. ಗಂಡ ಹೊರಗೆ ಸೈಕಲ್ ಹಿಡಿದುಕೊಂಡು ನಿಂತಿದ್ದ, ಒಳಗೆ ಬರಲಿಲ್ಲ.

ರೇಡಿಯೋ ಮಾತ್ರ ಪಟ್ಟಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಅಂಗಡಿಗೆ ಹೋಗಿಬಿಡುತ್ತಿದ್ದ. ಆಸ್ಪತ್ರೆಯಲ್ಲಿ ನೋಡಿದ ಮೇಲೆ ಇನ್ನೊಮ್ಮೆ ಅವನು ಅದನ್ನು ನೋಡಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಿರಲಿಲ್ಲ.

ಒಂದು ಗುರುವಾರ ಅತ್ತೆಗೆ ಜ್ವರ ಬಂತು. ಮಗ ಡಿಪೋದಲ್ಲಿದ್ದ. ಸೊಸೆ ಅಂಗಡಿಯ ಬಾಗಿಲಿಗೆ ಬಂದು, "ಮಾವ, ಕಾಲು ಹಿಡ್ಕೊಳ್ಳೋಕೆ ಒಬ್ಬರು ಬೇಕು. ಕೈ ತೊಳ್ಕೊಂಡು ಬನ್ನಿ," ಎಂದಳು.

ಅವನು ಮೊಣಕೈವರೆಗೆ ತೊಳೆದುಕೊಂಡ, ಎರಡು ಸಲ. ಮಗು ಮಂಚದ ಮೇಲೆ ಮಲಗಿ ಸೂರು ನೋಡುತ್ತಿತ್ತು. ಅವನು ಎರಡು ಪುಟ್ಟ ಪಾದಗಳನ್ನು ಹಿಡಿದುಕೊಂಡು ಮುಖ ಬಾಗಿಲ ಕಡೆ ತಿರುಗಿಸಿದ.

"ಆ ಕಡೆ ನೋಡಿದ್ರೆ ಹೇಗೆ ಹಿಡೀತೀರಿ?"

ಅವನು ತಿರುಗಿದ. ಪೊರೆ ಎಲ್ಲೂ ಇರಲಿಲ್ಲ. ತುದಿಯಲ್ಲಿ ನಾಣ್ಯದಗಲ ಮಾತ್ರ ಇನ್ನೂ ಕಂದಾಗಿತ್ತು, ಉಳಿದದ್ದೆಲ್ಲ ತೆಳುವಾದ, ಹೊಳೆಯುವ ಚರ್ಮ. ಮಗು ಉಸಿರು ಎಳೆದಾಗ ಗಂಟು ಮೇಲೇಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು.

"ಇನ್ನೊಂದು ಹೇಳೋದಿದೆ ನಿನಗೆ," ಎಂದ. ಸೊಸೆ ಔಷಧ ಹಚ್ಚುತ್ತಿದ್ದಳು. "ಸುಳ್ಳು ಹೇಳಿದ್ದು ಬಾಯಿ ತಪ್ಪಿ. ಆದರೆ ಆ ಮೊದಲ ವಾರ ಸುಮ್ಮನಿದ್ದೆನಲ್ಲ, ಅದು ಬಾಯಿ ತಪ್ಪಿ ಅಲ್ಲ. ಹೋದರೆ ಹೋಗಲಿ, ನಾನು ಹೇಳಿದ್ದು ನಿಜವಾಗಲಿ ಅಂತ ಕಾಯ್ತಿದ್ದೆ."

ಸೊಸೆಯ ಬೆರಳು ನಿಂತಿತು. ಆಮೇಲೆ ಮಧ್ಯದಿಂದ ಅಂಚಿಗೆ ಮತ್ತೆ ಚಲಿಸಿತು.

"ನಾನು ಒಂಬತ್ತು ದಿನ ಇವಳ ಹತ್ತಿರ ಹೋಗಲಿಲ್ಲ ಮಾವ," ಎಂದಳು, ತಲೆ ಎತ್ತದೆ. "ಗಾಯ ನೋಯ್ತಿದೆ, ನಡೆಯೋಕೆ ಆಗಲ್ಲ ಅಂತ ಹೇಳ್ತಿದ್ದೆ. ನಡೆಯೋಕೆ ಆಗ್ತಿತ್ತು. ಸಿಸ್ಟರ್ ಕೋಣೆಯೊಳಗೆ ಬಂದಾಗೆಲ್ಲ, ಮಗು ಹೋಯ್ತು ಅಂತ ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾಯ್ತಿದ್ದೆ. ಹತ್ತನೇ ದಿನ ಅವಳೇ ಬೈದು ಗಾಲಿಕುರ್ಚೀಲಿ ಕೂರಿಸಿ ತಳ್ಕೊಂಡು ಹೋದಳು. ನಿಮ್ಮ ಮಗನಿಗೆ ಇದು ಗೊತ್ತಿಲ್ಲ."

 ಅವಳು ಪಟ್ಟಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಮಗುವಿನ ಬೆನ್ನ ಕೆಳಗಿಂದ ತಂದಳು. ಪಟ್ಟಿ ಸೊಟ್ಟಗೆ ಕೂತಿತು. ಬಿಚ್ಚಿ ಮತ್ತೆ ಸುತ್ತಿದರು.

"ರೇಡಿಯೋ, ಇದ್ದೀಯೇನಪ್ಪಾ?" ಅಂಗಡಿಯಿಂದ ಬಡಗಿಯ ದನಿ. ಎಷ್ಟೋ ವಾರದ ಮೇಲೆ ಬಂದಿದ್ದ.

ರೇಡಿಯೋ ಎದ್ದು ಹೋಗಲಿಲ್ಲ. "ಕೂತಿರು," ಎಂದು ಅಲ್ಲಿಂದಲೇ ಗಟ್ಟಿಯಾಗಿ ಹೇಳಿದ. "ಮೊಮ್ಮಗಳಿಗೆ ಪಟ್ಟಿ ಸುತ್ತುತಾ ಇದ್ದೀನಿ. ಸ್ವಲ್ಪ ಹೊತ್ತಾಗುತ್ತೆ."